ಡೊಂಕು ಗೋಡೆಯ ಅಡುಗೆಮನೆ

ಮಾರ್ಚ್ 17, ಸೋಮವಾರ

ಫಿಸಿಯೋಥೆರಪಿಯ ಮಮತ ಮೇಡಂ ಇವತ್ತು ನನಗೊಂದು ಕೆಲಸ ಅಂಟಿಸಿದರು. ನಮ್ಮ ಯಜಮಾನರು ದಿನಕ್ಕೆ ಎಷ್ಟು ಸಲ ಸ್ಪಂಜಿನ ಚೆಂಡು ಹಿಸುಕುತ್ತಾರೆ ಎಂದು ನಾನು ಬರೆದಿಡಬೇಕಂತೆ. ಗಾರ್ಮೆಂಟ್ಸಿನಿಂದ ತಂದಿದ್ದ ಖಾಲಿ ರಿಜಿಸ್ಟರು ಮಂಚದ ಕೆಳಗಿತ್ತು, ತೆಗೆದೆ. ಇವತ್ತಿನದು: ಬೆಳಗ್ಗೆ ಆರು ಸಲ, ಸಂಜೆ ಸೊನ್ನೆ. ಸಂಜೆ ಚೆಂಡನ್ನು ಕಿಟಕಿಯಿಂದ ಆಚೆಗೆ ಎಸೆದರು. ಎಡಗೈಯಲ್ಲಿ ಎಸೆದರೂ ಎದುರು ಮನೆ ಪಾಪಯ್ಯನವರ ಕೊಟ್ಟಿಗೆಯ ತನಕ ಹೋಯಿತು. ಗುರಿ ಚೆನ್ನಾಗಿದೆ.

ಬರೆಯಲು ಕೂತ ಮೇಲೆ ಒಂದು ಸಾಲಿಗೆ ನಿಲ್ಲಿಸುವುದು ನನ್ನಿಂದ ಆಗದು. ಬಾಯಿ ಹೇಗೋ ಕೈಯೂ ಹಾಗೆ.

ಇವರು ಬೈಕಿನಿಂದ ಬಿದ್ದು ಇಂದಿಗೆ ಹದಿನೆಂಟು ದಿನ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಬಲಗೈಯ ನರಕ್ಕೆ ಪೆಟ್ಟಾಗಿದೆ, ಬೆರಳು ಮತ್ತೆ ಬಿಗಿಯಾಗಿ ಹಿಡಿಯುತ್ತವೋ ಇಲ್ಲವೋ ಆರು ತಿಂಗಳು ಹೋಗದೆ ಹೇಳಲಾಗದು ಎಂದು ಡಾಕ್ಟರು ಕೈ ತೊಳೆದುಕೊಂಡರು. ಇಪ್ಪತ್ತೆರಡು ವರ್ಷ ಉಳಿ ಹಿಡಿದ ಕೈ ಅದು. ಇವತ್ತು ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದರು:

"ಬೂದಿಗೆರೆ ಕೆಲ್ಸ ರಾಹಿಲ್‌ಗೆ ಕೊಟ್ಬಿಡ್ತೀನಿ. ಶೆಡ್ಡೂ ಅವನೇ ತಗೊಳ್ಲಿ. ಏರ್‌ಪೋರ್ಟ್ ಕಡೆ ಸೆಕ್ಯುರಿಟಿ ಕೆಲ್ಸ ನೋಡ್ಕೋತೀನಿ. ವಿಸಿಲ್ ಊದೋಕೆ ಕೈ ಬೇಕಾಗಿಲ್ವಲ್ಲ."

ಮರಗೆಲಸದ ಶೆಡ್ಡನ್ನು ಹಳೆಯ ಶಿಷ್ಯನಿಗೆ ಬಿಟ್ಟುಕೊಡುವ ಮಾತು ಕೇಳಿ ನನಗೆ ಸಿಟ್ಟು ಬಂತು. ಅಳುವೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ಅದನ್ನೇ ತೋರಿಸಿದೆ.

ಮಾರ್ಚ್ 19, ಬುಧವಾರ

ಬೂದಿಗೆರೆ ಕೆಲಸವೆಂದರೆ ಆದಿನಾರಾಯಣಪ್ಪನವರ ಹೊಸ ಮನೆಯ ಅಡುಗೆಮನೆ. ಕಟ್ಟೆಯ ಕೆಳಗಿನ ಕಪಾಟು, ಶೆಲ್ಫು, ಬಾಗಿಲು ಎಲ್ಲ ನಮ್ಮದೇ. ಅಕ್ಷಯ ತದಿಗೆಗೆ, ಏಪ್ರಿಲ್ ಮೂವತ್ತಕ್ಕೆ, ಗೃಹಪ್ರವೇಶ. ಇವರು ಬೀಳುವ ಮೊದಲೇ ಅಳತೆ ತಂದಾಗಿತ್ತು. ಪ್ಲೈವುಡ್ ಹಲಗೆಗಳು ಶೆಡ್ಡಿಗೆ ಬಂದು ಬಿದ್ದಿವೆ. ಪಕ್ಕದಲ್ಲೇ ಇವರು ಆಸೆಪಟ್ಟು ಕೊಂಡ ಬ್ಯಾಟರಿ ಗರಗಸ, ಪೆಟ್ಟಿಗೆಯಿಂದ ಆಚೆ ಬಂದದ್ದು ಎರಡೇ ಸಲ. ಟ್ರ್ಯಾಕ್ ಸಾ ಅನ್ನುತ್ತಾರೆ. ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಹಲಗೆಯ ಮೇಲೆ ಮಲಗಿಸಿ, ಹಳಿಯ ಮೇಲೆ ರೈಲು ಓಡಿಸಿದಂತೆ ಗರಗಸ ಓಡಿಸುವುದು. ಮೂವತ್ತು ಕೆ.ಜಿ. ಹಲಗೆಯನ್ನು ಯಂತ್ರದ ಹತ್ತಿರ ಹೊತ್ತೊಯ್ಯಬೇಕಾಗಿಲ್ಲ, ಯಂತ್ರವೇ ಹಲಗೆಯ ಮೇಲೆ ಬರುತ್ತದೆ. ಅದನ್ನು ನೋಡಿಯೇ ನನಗೆ ಹೊಳೆದದ್ದು.

"ನಾನು ಕತ್ತರಿಸ್ತೀನಿ" ಅಂದೆ.

"ಅದು ಚೂಡಿದಾರ್ ಬಟ್ಟೆ ಅಲ್ಲ ಕಣೇ ವಾಣಿ."

"ಹನ್ನೊಂದು ವರ್ಷ ಕಟಿಂಗ್ ಸೆಕ್ಷನ್‌ನಲ್ಲಿ ಇದ್ದೋಳು ನಾನು. ಎಂಬತ್ತು ಪದರ ಬಟ್ಟೆ ಒಂದೇ ಏಟಿಗೆ ಕೊಯ್ದಿದ್ದೀನಿ. ನಿಮ್ಮ ಒಂದು ಹಲಗೆ ಯಾವ ಲೆಕ್ಕ?"

ಗಂಡಸರೇ ತುಂಬಿದ್ದ ಸೆಕ್ಷನ್‌ನಲ್ಲಿ ಕಟಿಂಗ್ ಮಾಸ್ಟರ್ ಅನ್ನಿಸಿಕೊಂಡ ಮೊದಲ ಹೆಂಗಸು ನಾನು. ಡಿಸೆಂಬರಿನಲ್ಲಿ ಸೆಕ್ಷನ್ನನ್ನೇ ಬೇರೆ ಊರಿಗೆ ಸಾಗಿಸಿ, ನಮಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟು ಮನೆಗೆ ಕಳಿಸಿದರು.

ಎರಡು ಗಂಟೆ ಜಗಳವಾಡಿ ಒಪ್ಪಂದಕ್ಕೆ ಬಂದೆವು. ಇವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಕೊಯ್ಯುವುದು. ಅಡುಗೆಮನೆ ಆದಿನಾರಾಯಣಪ್ಪ ಒಪ್ಪುವ ಹಾಗೆ ಕೂತರೆ ಶೆಡ್ಡು ಉಳಿಯುತ್ತದೆ. ಕೆಟ್ಟರೆ ಬೀಗದ ಕೈ ರಾಹಿಲ್‌ಗೆ. ಚೆಂಡು: ನಾಲ್ಕು ಸಲ.

ಮಾರ್ಚ್ 22, ಶನಿವಾರ

ಮೊದಲ ದಿನವೇ ರಗಳೆ. ನನ್ನ ಉಕ್ಕಿನ ಗ್ಲೌಸ್ ಹಾಕಿಕೊಂಡು ಹೋಗಿದ್ದೆ. ಚಿಕ್ಕ ಚಿಕ್ಕ ಉಂಗುರಗಳನ್ನು ಹೆಣೆದು ಮಾಡಿದ್ದು, ಬಟ್ಟೆ ಕೊಯ್ಯುವಾಗ ಎಡಗೈಗೆ ಹಾಕುತ್ತೇವೆ. ನನಗೆ ಅದು ಬೆಳ್ಳಿ ಕಡಗಕ್ಕಿಂತ ಹೆಚ್ಚು.

"ಏನೇ ಇದು, ಯುದ್ಧಕ್ಕೆ ಹೊಂಟಿದ್ದೀಯಾ? ತೆಗಿ ಮೊದ್ಲು."

"ಕೈ ಕಾಯೋಕಲ್ವೇನ್ರೀ ಇರೋದು?"

"ನಿನ್ ಬಟ್ಟೆ ಚಾಕು ಮೇಲೆ ಕೆಳಗೆ ಓಡುತ್ತೆ. ಇದು ಸುತ್ತುತ್ತೆ. ಒಂದು ಉಂಗುರ ಸಿಕ್ಕಾಕೊಂಡ್ರೆ ಸಾಕು, ಕೈನೇ ಒಳಕ್ಕೆ ಎಳ್ಕೊಂಡ್ಬಿಡುತ್ತೆ. ಬರಿಗೈಲಿ ಹಿಡಿ. ಎರಡೂ ಕೈ ಹಿಡಿಕೆ ಮೇಲೇ ಇರ್ಲಿ. ಎರಡೂ ಅಲ್ಲಿದ್ರೆ ಬ್ಲೇಡಿನ ಹತ್ರ ಹೋಗೋಕೆ ಮೂರನೇ ಕೈ ಎಲ್ಲಿಂದ ಬರುತ್ತೆ?"

ಸರಿ ಎಂದು ತೆಗೆದೆ. ಸೆರಗು ಸೊಂಟಕ್ಕೆ ಬಿಗಿದೆ. ಆಮೇಲೆ "ಬಳೇನೂ ತೆಗಿ" ಅಂದರು.

"ಥೂ, ಬಿಡ್ತು ಅನ್ನಿ. ನೀವಿರೋವಾಗ್ಲೇ ಗಾಜಿನ ಬಳೆ ತೆಗೀಬೇಕಾ?"

"ನಾನಿರೋದ್ರಿಂದ್ಲೇ ಹೇಳ್ತಿರೋದು. ಬಳೆ ಒಡೆದ್ರೆ ಇನ್ನೊಂದು ಡಜನ್ ಕೊಡುಸ್ತೀನಿ. ಕೈ ಎಲ್ಲಿಂದ ಕೊಡುಸ್ಲಿ?"

ಈ ಮನುಷ್ಯನಿಗೆ ಕೈ ಬಿದ್ದ ಮೇಲೆ ಮಾತು ಜಾಸ್ತಿಯಾಗಿದೆ. ಬಳೆಗಳನ್ನು ಬಿಚ್ಚಿ ಶೆಡ್ಡಿನ ಮೊಳೆಗೆ ತೂಗುಹಾಕಿದೆ. ಗಂಟೆಗೊಂದು ಸಲ ಅತ್ತ ನೋಡುತ್ತಿದ್ದೆ. ಸಂಜೆ ಬೀಗ ಹಾಕುವ ಮೊದಲು ಮರಳಿ ತೊಟ್ಟು, ತಾಳಿ ಕಣ್ಣಿಗೊತ್ತಿಕೊಂಡು ಬಂದೆ. ಇವತ್ತು ಕೊಯ್ದದ್ದು ನಾಲ್ಕು ಚೂರು, ಅದೂ ರದ್ದಿ ಹಲಗೆ.

ಮಾರ್ಚ್ 24, ಸೋಮವಾರ

ಕಪಾಟಿನ ಪಕ್ಕದ ಹಲಗೆ ಎಂಟು ಕೊಯ್ದೆ. ದಾರ ಹಿಡಿದಂತೆ ನೇರ. ನಾನೇ ಬೆನ್ನು ತಟ್ಟಿಕೊಂಡೆ. ಇವರು ಎಡಗೈಯಲ್ಲಿ ಟೇಪು ಹಿಡಿದು ಒಂದೊಂದನ್ನೇ ಅಳೆದರು. ಎಲ್ಲವೂ ಅರ್ಧರ್ಧ ಇಂಚು ಹೆಚ್ಚು.

"ಇದೇನು?"

"ಮಾರ್ಜಿನ್" ಅಂದೆ.

ನನ್ನ ಮುಖವನ್ನೇ ನೋಡಿದರು. "ಮರಕ್ಕೆ ಹೊಲಿಗೆ ಹಾಕ್ತೀಯೇನೇ?"

ಆಮೇಲೆ ನಗು ಶುರುವಾಯಿತು. ಭುಜ ನೋಯುತ್ತದೆ ಎಂದು ಹಿಡಿದುಕೊಂಡು ನಕ್ಕರು, ನಗುತ್ತಲೇ ಅಯ್ಯೋ ಅಂದರು. ಬಿದ್ದ ಮೇಲೆ ಇದೇ ಮೊದಲ ನಗು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಆದರೂ ಮೂತಿ ಬಿಗಿದುಕೊಂಡೇ ಎಂಟನ್ನೂ ಮತ್ತೆ ಕೊಯ್ದೆ. ದೊಡ್ಡದಾದದ್ದನ್ನು ಚಿಕ್ಕದು ಮಾಡಬಹುದು, ಇಷ್ಟಕ್ಕೆ ಬಚಾವು.

ಇನ್ನೊಂದು ತಿಳಿಯಿತು. ಕತ್ತರಿ ಬಟ್ಟೆಯನ್ನು ತಿನ್ನುವುದಿಲ್ಲ, ಬ್ಲೇಡು ಮರವನ್ನು ತಿನ್ನುತ್ತದೆ. ಗೆರೆಯ ಯಾವ ಕಡೆ ತಿನ್ನಬೇಕು ಎಂದು ಮೊದಲೇ ಗೊತ್ತಿರಬೇಕು. ಬೇಕಾದ ತುಂಡಿನ ಮೇಲೆ ಪಟ್ಟಿ ಇಟ್ಟರೆ ಆಚೆಯದನ್ನು ತಿನ್ನುತ್ತದೆ, ನಮ್ಮದು ಸುರಕ್ಷಿತ.

ಮಾರ್ಚ್ 31, ಸೋಮವಾರ

ಈ ಸಲ ಯುಗಾದಿ ಮರುದಿನದ ಹೊಸತೊಡಕು, ರಂಜಾನ್ ಎರಡೂ ಒಂದೇ ದಿನ. ಸಂಜೆ ರಾಹಿಲ್ ಹಬ್ಬದ ಪಾಯಸ ಶೀರ್ ಖುರ್ಮಾ ತಂದ. ಮೊದಲು ಇವರ ಹತ್ತಿರ ಕೆಲಸ ಕಲಿತವನು, ಈಗ ದೊಡ್ಡಬಳ್ಳಾಪುರದಲ್ಲಿ ಸ್ವಂತ ಅಂಗಡಿ. ನಮ್ಮ ದೊಡ್ಡಬೆಳವಂಗಲದ ಶೆಡ್ಡು ಸಿಕ್ಕರೆ ಅವನಿಗೆ ಅನುಕೂಲ, ಅದರಲ್ಲಿ ತಪ್ಪೇನಿಲ್ಲ.

"ಅಕ್ಕಾ, ನಿಧಾನಕ್ಕೆ ಹೇಳಿ, ಅವಸರ ಇಲ್ಲ. ಬೇರೆ ಜಾಗ ಒಂದು ನೋಡಿದ್ದೀನಿ, ಅವರಿಗೆ ಹತ್ತನೇ ತಾರೀಕಿನೊಳಗೆ ಹೇಳ್ಬೇಕು, ಅಷ್ಟೇ" ಅಂದ.

ಅವಸರ ಇಲ್ಲ ಎಂದು ಹತ್ತು ದಿನದ ಗಡುವು ಕೊಟ್ಟು ಹೋದ. ಇವರು ಖುರ್ಮಾ ಕುಡಿಯುವಾಗ ಲೋಟ ಎಡಗೈಯಲ್ಲೇ ಇತ್ತು. ಅವನು ನೋಡಿಯೂ ನೋಡದ ಹಾಗೆ ಇದ್ದ. ಒಳ್ಳೆಯವನು. ಇನ್ನೂ ಹದಿನಾರು ಹಲಗೆ ಕೊಯ್ಯಬೇಕು. ಬೇಗ ಮುಗಿಸಬೇಕು.

ಏಪ್ರಿಲ್ 5, ಶನಿವಾರ

ನನ್ನದೇ ತಪ್ಪು. ಬರೆಯಲು ನಾಚಿಕೆಯಾಗುತ್ತಿದೆ.

ಇವರು ಟೀ ಕುಡಿಯಲು ರಸ್ತೆಗೆ ಹೋಗಿದ್ದರು. ಒಂದೇ ಅಳತೆಯ ಮೂರು ಹಲಗೆ ಬೇಕಿತ್ತು. ಎಂಬತ್ತು ಪದರ ಕೊಯ್ದವಳಿಗೆ ಮೂರು ಯಾವ ಲೆಕ್ಕ ಎಂದು ಒಂದರ ಮೇಲೊಂದು ಪೇರಿಸಿದೆ. ಹಲಗೆ ಅಲುಗದಂತೆ ಕಚ್ಚಿ ಹಿಡಿಯುವ ಕ್ಲಾಂಪು ಹಾಕಲಿಲ್ಲ. ಬ್ಲೇಡನ್ನು ಪೂರ್ತಿ ಕೆಳಗೆ ಇಳಿಸಿ, ನೇರ ಹಿಂದೆ ನಿಂತು ತಳ್ಳಿದೆ. ಅರ್ಧ ದಾರಿಯಲ್ಲಿ ಹಲಗೆಗಳು ಅಲುಗಿ ಕೊಯ್ದ ಸಂದಿ ಮುಚ್ಚಿಕೊಂಡಿತು, ಬ್ಲೇಡು ಕಚ್ಚಿತು, ಗರಗಸ ಹಿಂದಕ್ಕೆ ಹಾರಿ ನನ್ನ ಸೊಂಟಕ್ಕೆ ಬಡಿಯಿತು. ಕೈ ಬಿಟ್ಟೊಡನೆ ಬ್ಲೇಡು ತಾನೇ ಮೇಲೆ ಸೇರಿಕೊಳ್ಳುವಂಥ ಯಂತ್ರವಾದ್ದರಿಂದ ಬರೀ ಊತ. ಇಲ್ಲವಾಗಿದ್ದರೆ ಈ ಸಾಲು ಬರೆಯುತ್ತಿರಲಿಲ್ಲ.

ಇವರು ಆಗಲೇ ಬಾಗಿಲಿಗೆ ಬಂದಿದ್ದರು. ಓಡಿಬಂದು ನನ್ನನ್ನು ಹಿಡಿಯಲು ಬಲಗೈ ಚಾಚಿದರು. ಬೆರಳು ಮಡಚಲೇ ಇಲ್ಲ. ನಾನು ನೆಲಕ್ಕೆ ಕೂತೆ, ಇವರು ನಿಂತೇ ಇದ್ದರು, ಆ ಕೈಯನ್ನು ನೋಡುತ್ತಾ.

ಏಪ್ರಿಲ್ 6, ಭಾನುವಾರ

ಇವರು ರಾಹಿಲ್‌ಗೆ ಫೋನ್ ಮಾಡಿ ಗುರುವಾರ ಬಂದು ಬೀಗದ ಕೈ ತಗೊಂಡು ಹೋಗು ಅಂದರು. ಸಾರಿಗೆ ಉಪ್ಪು ಹಾಕಲು ಮರೆತಿದ್ದೆ, ಇಬ್ಬರೂ ಹಾಗೇ ಉಂಡೆವು.

ಏಪ್ರಿಲ್ 8, ಮಂಗಳವಾರ

ಬೆಳಗ್ಗೆ ಏಳಕ್ಕೆ ಒಬ್ಬಳೇ ಶೆಡ್ಡಿಗೆ ಹೋದೆ. ಹೆದರಿಕೆ ಇತ್ತು. ಮೊದಲೂ ಇರಬೇಕಿತ್ತು, ಆಗ ಜಂಭ ಇತ್ತು. ನೆಲಕ್ಕೆ ದಪ್ಪ ಥರ್ಮಾಕೋಲ್ ಹಾಸಿ ಒಂದೇ ಒಂದು ಹಲಗೆ ಮಲಗಿಸಿದೆ. ಎರಡೂ ತುದಿಗೆ ಗುರುತು, ಗುರುತಿಗೆ ಪಟ್ಟಿಯ ರಬ್ಬರ್ ಅಂಚು, ಎರಡೂ ಕಡೆ ಕ್ಲಾಂಪು. ಬ್ಲೇಡಿನ ಆಳ ಹಲಗೆ ದಾಟಿ ಎರಡು ನೂಲು, ಅಂದರೆ ಕಾಲಿಂಚಿನಷ್ಟು ಮಾತ್ರ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಗರಗಸದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತೆ. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿದೆ. ತಳ್ಳಲಿಲ್ಲ, ಅದರ ಜೊತೆ ಹೋದೆ. ಪೂರ್ತಿ ನಿಂತ ಮೇಲೆ ಎತ್ತಿ, ಬ್ಯಾಟರಿ ಬಿಚ್ಚಿ, ಆಮೇಲೆ ಉಸಿರು ಬಿಟ್ಟೆ.

ತಿರುಗಿ ನೋಡಿದರೆ ಇವರು ಕುರ್ಚಿಯಲ್ಲಿದ್ದಾರೆ. ಯಾವಾಗ ಬಂದರೋ.

"ಕಾಲು ಇನ್ನೊಂಚೂರು ಅಗಲ ಇಟ್ಕೋ" ಅಂದರು. ಎದ್ದು ಬಂದು ಕೊಯ್ದ ಅಂಚನ್ನು ಎಡಗೈಯಲ್ಲಿ ಸವರಿ, "ರಾಹಿಲ್‌ಗೆ ಆ ಇನ್ನೊಂದು ಜಾಗಾನೇ ತಗೊಳ್ಳೋಕೆ ಹೇಳ್ತೀನಿ" ಅಂದರು.

ಇವತ್ತು ಮೂರು ಹಲಗೆ. ಒಂದಾದ ಮೇಲೆ ಒಂದು.

ಏಪ್ರಿಲ್ 15, ಮಂಗಳವಾರ

ಕಪಾಟಿನ ಪೆಟ್ಟಿಗೆಗಳನ್ನು ಗೂಡ್ಸ್ ಆಟೋದಲ್ಲಿ ಬೂದಿಗೆರೆಗೆ ಒಯ್ದೆವು. ಮೂಲೆಯಲ್ಲಿ ಇಟ್ಟರೆ ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು ಬೆರಳು ತೂರುವ ಸಂದಿ. ಮೂಲೆಮಟ್ಟ ಹಿಡಿದು ನೋಡಿದೆ, ಪೆಟ್ಟಿಗೆ ಸರಿಯಾಗೇ ಇದೆ.

"ಗೋಡೇನೇ ಡೊಂಕು" ಅಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಆದಿನಾರಾಯಣಪ್ಪ ನಕ್ಕರು.

ನಮ್ಮವರು ನಗಲಿಲ್ಲ. "ಇಲ್ಲ ಅಣ್ಣಾ, ಗೋಡೆ ಡೊಂಕೇ. ಈಶಾನ್ಯ ಬೆಳೆಸಿದ್ದೀರಲ್ಲ."

ವಾಸ್ತು ಹೇಳಿದವರು ಈಶಾನ್ಯ ಮೂಲೆ ಬೆಳೆದಿರಬೇಕು ಅಂದಿದ್ದಕ್ಕೆ ಪೂರ್ವದ ಗೋಡೆಯನ್ನು ಆ ತುದಿಯಲ್ಲಿ ಎರಡಡಿ ಆಚೆಗೆ ಎಳೆಸಿದ್ದಾರೆ. ಇತ್ತ ಅಡುಗೆಮನೆಯ ಆಗ್ನೇಯ ಮೂಲೆ ಬಾಯಿ ಬಿಟ್ಟುಕೊಂಡಿದೆ. ಈ ಸೀಮೆಯ ಹೊಸ ಮನೆಗಳೆಲ್ಲ ಹೀಗೇ ಎಂದು ಇವರಿಗೆ ಗೊತ್ತು. ಪ್ರತಿ ಮನೆಯಲ್ಲೂ ಅಲ್ಲೇ ನಿಂತು ಉಜ್ಜುಗೊರಡಿನಲ್ಲಿ ಕೀಸಿ ಕೀಸಿ ಕೂರಿಸುತ್ತಿದ್ದರು. ಅದಕ್ಕೆ ಬಲಗೈ ಬೇಕು.

ಒಂದು ಪಟ್ಟಿ ಹೊಡೆದು ಸಂದಿ ಮುಚ್ಚುತ್ತೇವೆ ಅಂದೆ. ಅವರ ಮನೆಯವರು ಅಮ್ಮಯಮ್ಮ ಸುತಾರಾಂ ಒಪ್ಪಲಿಲ್ಲ. "ಪಟ್ಟಿ ಹಿಂದೆ ಜಿರಲೆ ಸಂಸಾರ ಹೂಡ್ತವೆ ಕಣಮ್ಮಾ. ಹೊಸ ಮನೇಗೆ ನಾವು ಬರೋಕೆ ಮೊದ್ಲೇ ಅವು ಬರ್ಬೇಕಾ?"

ಮೂಲೆಯ ಎರಡು ಮುಖದ ಹಲಗೆಗಳದ್ದೂ ಅದೇ ಕಥೆ. ಗರಗಸವನ್ನು ನಲವತ್ತೈದು ಡಿಗ್ರಿಗೆ ವಾಲಿಸಿ ಎರಡನ್ನೂ ಓರೆಯಾಗಿ ಕೊಯ್ದಿದ್ದೆ. ಸೇರಿಸಿದರೆ ನಡುವೆ ಬೆಳಕು ಕಾಣುತ್ತದೆ. ಮಿಕ್ಕಿರುವುದು ಎರಡು ಹಲಗೆ, ಹದಿನೈದು ದಿನ. ಬಸ್ಸಿನಲ್ಲಿ ಇವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು.

ಏಪ್ರಿಲ್ 16, ಬುಧವಾರ

ನಾನು ಎಂಥ ದಡ್ಡಿ! ನೆಟ್ಟಗಿರುವ ಮೈಗೆ ಯಾವತ್ತಾದರೂ ಬಟ್ಟೆ ಕೊಯ್ದಿದ್ದೇನೆಯೇ? ಒಂದು ಭುಜ ಮೇಲೆ, ಒಂದು ಕೆಳಗೆ, ಎಲ್ಲರ ಮೈಯೂ ಡೊಂಕೇ. ಅದಕ್ಕೇ ತಾನೇ ಕಾಗದದ ಪ್ಯಾಟರ್ನ್ ಮಾಡುವುದು?

ಬೆಳಗ್ಗೆ ಇದು ಹೊಳೆದಾಗ ಒಗ್ಗರಣೆ ಸೀದುಹೋಯಿತು. ಬ್ರೌನ್ ಪೇಪರ್ ಸುರುಳಿ, ಕತ್ತರಿ, ಸೀಮೆಸುಣ್ಣ ಚೀಲಕ್ಕೆ ಹಾಕಿಕೊಂಡು ಇವರನ್ನು ಎಬ್ಬಿಸಿಕೊಂಡು ಮತ್ತೆ ಬೂದಿಗೆರೆಗೆ ಹೋದೆ. ಒಂದೊಂದು ಶೆಲ್ಫಿನ ಜಾಗಕ್ಕೂ, ಆ ಮೂಲೆಗೂ ಕಾಗದ ಹಾಸಿ, ಗೋಡೆಗೆ ಒತ್ತಿ, ಅದರ ಡೊಂಕನ್ನೆಲ್ಲ ಉಗುರಿನಲ್ಲಿ ಮೂಡಿಸಿ ಕತ್ತರಿಸಿದೆ. ಮೇಲ್ಮುಖ ಯಾವುದು ಎಂದು ಪ್ರತಿಯೊಂದರ ಮೇಲೂ ಬರೆದೆ. ತಿರುವಿ ಹಾಕಿದರೆ ಎಡದ ತೋಳು ಬಲಕ್ಕೆ ಬಂದಂತಾಗುತ್ತದೆ.

ಅಮ್ಮಯಮ್ಮ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು. "ಏನಮ್ಮಾ, ನನ್ ಗೋಡೆಗೆ ರವಿಕೆ ಹೊಲೀತೀಯಾ?"

"ಹೂಂ ಅಮ್ಮಾ, ಬಿಗಿಯಾಗಿ ಕೂರೋ ಹಂಗೆ" ಅಂದೆ.

ಏಪ್ರಿಲ್ 19, ಶನಿವಾರ

ಶೆಲ್ಫುಗಳು ಮುಗಿದವು. ಕಾಗದವನ್ನು ಹಲಗೆಯ ಮೇಲೆ ಅಂಟಿಸಿ, ಅದರ ಅಂಚಿಗೇ ಪಟ್ಟಿ ಇಟ್ಟು ಕೊಯ್ದೆ. ಓರೆಯಾದರೇನು, ಪಟ್ಟಿ ಎಲ್ಲಿದೆಯೋ ಗರಗಸ ಅಲ್ಲೇ ಹೋಗುತ್ತದೆ.

ಉಳಿದದ್ದು ಮೂಲೆಯ ಹಲಗೆಗಳು. ಗರಗಸವನ್ನು ಎಷ್ಟಕ್ಕೆ ವಾಲಿಸಬೇಕು? ಇವರು ಪೆನ್ಸಿಲಿನಲ್ಲಿ ಲೆಕ್ಕ ಹಾಕಲು ನೋಡಿದರು, ಎಡಗೈಯ ಅಂಕಿ ಅವರಿಗೇ ಓದಲಾಗಲಿಲ್ಲ. ನನ್ನ ಕೈಯಲ್ಲಿ ಮೂಲೆಯ ಕಾಗದವಿತ್ತು. ಕಾಲರ್ ಮಡಚುವ ಅಭ್ಯಾಸದಲ್ಲಿ ಎರಡೂ ಅಂಚು ಕೂಡಿಸಿ ಮಡಚಿದೆ. ಮೂಲೆಯ ಸರಿಯಾದ ಅರ್ಧ ನನ್ನ ಕೈಯಲ್ಲಿ ಕೂತಿತ್ತು. ಇವರು ಪೆನ್ಸಿಲ್ ಕೆಳಗಿಟ್ಟರು.

"ಇನ್ನೊಂದ್ಸಲ ಮಡಚು, ನೋಡೋಣ."

ಮಡಚಿ ತೋರಿಸಿದೆ. ಬ್ಯಾಟರಿ ಬಿಚ್ಚಿ, ಮಡಚಿದ ಕಾಗದವನ್ನು ಬ್ಲೇಡಿಗೂ ಗರಗಸದ ತಳಕ್ಕೂ ತಾಗಿಸಿ ಹಿಡಿದು, ಬೆಳಕು ಕಾಣದಷ್ಟು ಕೂಡುವ ತನಕ ವಾಲಿಸಿ ತಿರುಪು ಬಿಗಿದೆವು. ಗರಗಸದ ಅಳತೆಯಲ್ಲಿ ನಲವತ್ಮೂರು ಡಿಗ್ರಿ ಬಂತು. ವಾಲಿದ ಗರಗಸ ಪಟ್ಟಿಯನ್ನು ಪಕ್ಕಕ್ಕೆ ತಳ್ಳಲು ನೋಡುತ್ತದೆ, ಅದಕ್ಕೆ ಕ್ಲಾಂಪುಗಳನ್ನು ಇವರೂ ಒಂದು ಸಲ ಅಲ್ಲಾಡಿಸಿ ನೋಡಿದರು. ಮೊದಲು ರದ್ದಿ ಚೂರಿನ ಮೇಲೆ ಕೊಯ್ದು, ಸೇರಿಸಿ ನೋಡಿ, ಆಮೇಲೆ ಕೊನೆಯ ಹಲಗೆಗೆ ಬ್ಲೇಡು ಇಳಿಸಿದೆ.

"ಇಪ್ಪತ್ತೆರಡು ವರ್ಷ ಕೀಸಿದ್ದೀನಲ್ಲೇ ವಾಣಿ" ಅಂದರು, ಅಷ್ಟೇ. ಮೆಚ್ಚಿದರೋ ಬೇಜಾರಾದರೋ ತಿಳಿಯಲಿಲ್ಲ. ಸಂಜೆ ಟೀ ಇವರೇ ತಂದುಕೊಟ್ಟರು.

ಏಪ್ರಿಲ್ 24, ಗುರುವಾರ

ಕೂತಿತು! ಶೆಲ್ಫುಗಳು ಗೋಡೆಗೆ ಅಂಟಿಕೊಂಡಂತೆ ಕೂತಿವೆ. ಮೂಲೆಯ ಸಂದಿಗೆ ಅಮ್ಮಯಮ್ಮ ಪೋಸ್ಟ್ ಕಾರ್ಡು ತೂರಿಸಲು ನೋಡಿದರು, ಹೋಗಲಿಲ್ಲ. "ಜಿರಲೆ ಉಪವಾಸ" ಎಂದು ಒಳಗೆ ಹೋಗಿ ನಮಗೆ ಒಬ್ಬಟ್ಟು ತಂದರು.

ಕೆಳಗಿನ ಬಾಗಿಲಿನ ನಾಲ್ಕು ತಿರುಪು ಇವರು ಹಾಕಿದರು, ಬಲಗೈಯಲ್ಲಿ. ನಿಧಾನ, ಒಂದೊಂದಕ್ಕೂ ಐದು ನಿಮಿಷ. ನಾನು ಬೇರೆಲ್ಲೋ ನೋಡುತ್ತಿದ್ದೆ. ಚೆಂಡಿನ ಲೆಕ್ಕ ಬರೆದು ತುಂಬ ದಿನವಾಯಿತಲ್ಲ ಎಂದು ಈಗ ನೆನಪಾಗುತ್ತಿದೆ. ಮಮತ ಮೇಡಂ ಕೇಳಿದರೆ ಬೈಸಿಕೊಳ್ಳಬೇಕು. ಬಳೆ ಮೊಳೆಯಲ್ಲೇ ಇವೆ, ನಾಳೆ ತಂದುಕೊಳ್ಳಬೇಕು.

ಏಪ್ರಿಲ್ 30, ಬುಧವಾರ

ಗೃಹಪ್ರವೇಶ. ಹಾಲು ಪೂರ್ವಕ್ಕೇ ಉಕ್ಕಿತು, ಎಲ್ಲರಿಗೂ ಸಮಾಧಾನ. ಊಟಕ್ಕೆ ಮೊದಲು ಮನೆ ಕಟ್ಟಿದವರಿಗೆ ಬಟ್ಟೆ ಕೊಡುವುದು ಪದ್ಧತಿ. ಗಾರೆ ಮೇಸ್ತ್ರಿಯನ್ನು ಕರೆದು ಪಂಚೆ, ಶಲ್ಯ, ತಾಂಬೂಲ ತಟ್ಟೆಯಲ್ಲಿಟ್ಟು ಕೊಟ್ಟರು. ಬಣ್ಣದವರಿಗೂ ಕೊಟ್ಟರು. ಆಮೇಲೆ ಆದಿನಾರಾಯಣಪ್ಪ ಕೂಗಿದರು, "ಮರಗೆಲ್ಸದೋರು ಬರ್ರಪ್ಪಾ."

ಇವರು ಏಳಲಿಲ್ಲ. ಕಾಲು ಮಡಚಿ ಕೂತವರು ಕೂತೇ ಇದ್ದರು. ಕೈಯ ವಿಷಯಕ್ಕೆ ನಾಚಿಕೊಂಡರೇನೋ ಎಂದುಕೊಂಡು ಮೆಲ್ಲಗೆ ತಿವಿದೆ.

"ರೀ, ಕರೀತಿದ್ದಾರೆ, ಏಳಿ."

"ನಿನ್ನ ಕಣೇ ಕರೀತಿರೋದು. ಹೋಗು."

"ಅದು ಪಂಚೆ ಕಣ್ರೀ!"

ಆಗ ಇವರು ಚಪ್ಪರದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. "ಅಣ್ಣಾ, ನಿಮ್ಮ ಅಡುಗೆಮನೆ ಹಲಗೆ ಅಷ್ಟೂ ಕೊಯ್ದೋಳು ಇವಳು. ಮೂಲೆ ಕೂರಿಸಿದ್ದೂ ಇವಳೇ. ಮರಗೆಲ್ಸದೋರು ಅಂದ್ರೆ ಇವಳೇ ಬರ್ಬೇಕು."

ಜನ ತಿರುಗಿ ನೋಡಿದರು. ಅಮ್ಮಯಮ್ಮ ಗಡಿಬಿಡಿಯಲ್ಲಿ, "ತಡೀರಿ ತಡೀರಿ, ಒಳಗೆ ಸೀರೆ ಐತೆ, ತರ್ತೀನಿ" ಎಂದು ಎದ್ದರು.

"ಸೀರೆ ಬೇಡಮ್ಮಾ" ಅಂದರು ಇವರು. "ಗಾರೆ ಮೇಸ್ತ್ರಿಗೆ ಏನು ಕೊಟ್ರೋ ಅದೇ ಕೊಡಿ."

ನಾನು ಎದ್ದು ಹೋದೆ. ಹೇಗೆ ಹೋದೆನೋ ಗೊತ್ತಿಲ್ಲ. ಆದಿನಾರಾಯಣಪ್ಪ ಒಂದು ಕ್ಷಣ ತಟ್ಟೆ ಹಿಡಿದು ನಿಂತರು, ಆಮೇಲೆ ಮೇಸ್ತ್ರಿಗೆ ಕೊಟ್ಟ ಹಾಗೇ ಬಗ್ಗಿ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಅತ್ತುಬಿಟ್ಟೆ. ಅಷ್ಟು ಜನರ ಮುಂದೆ, ಕಣ್ಣು ಒರೆಸಲು ಕೈ ಖಾಲಿ ಇಲ್ಲದೆ, ಹಾಗೇ ನಿಂತು ಅತ್ತೆ. ಗಾರೆ ಮೇಸ್ತ್ರಿ ಪಕ್ಕಕ್ಕೆ ಸರಿದು ತನ್ನ ಸಾಲಿನಲ್ಲಿ ನನಗೂ ಜಾಗ ಮಾಡಿಕೊಟ್ಟ.

ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಂಚೆ ನನ್ನ ತೊಡೆಯ ಮೇಲಿತ್ತು, ನಾಲ್ಕು ಬೆರಳು ಜರಿಯ ಅಂಚು. ದೇವನಹಳ್ಳಿ ದಾಟಿದ ಮೇಲೆ ಇವರು ಅದರ ಅಂಚನ್ನು ಬಲಗೈಯಲ್ಲಿ ಮುಟ್ಟಿ ನೋಡಿದರು.

"ಭಾನುವಾರ ರಾಹಿಲ್ ತಂಗಿ ಮದ್ವೆ ಐತಲ್ಲ" ಅಂದರು. "ಒಂದಿನದ ಮಟ್ಟಿಗೆ ನಿನ್ ಪಂಚೆ ಕೊಡ್ತೀಯಾ?"

ಕೊಡುತ್ತೇನೆ, ಆದರೆ ಬಿರಿಯಾನಿ ಚೆಲ್ಲಿಕೊಳ್ಳಬಾರದು ಅಂದೆ.